ಹಿತ್ತಲಿನ ಬಣ್ಣದ ಜಿರಳೆ ಯಾವುದು? ಆಸ್ಟ್ರೇಲಿಯಾದ ಕಾಡುಜಿರಳೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿಡ್ನಿ, ಬ್ರಿಸ್ಬೇನ್, ಪರ್ತ್, ಮೆಲ್ಬರ್ನ್ ಕಡೆ ಹಿತ್ತಲಿರುವ ಮನೆಯಲ್ಲಿ ವಾಸಿಸುವವರಿಗೆ ಇಂದಲ್ಲ ನಾಳೆ ಇದು ಎದುರಾಗುತ್ತದೆ. ಹಾಡಹಗಲಲ್ಲೇ ಎಲೆಯ ಮೇಲೆ ಕಿತ್ತಳೆ ಬಣ್ಣದ, ಚುಕ್ಕೆ ಚುಕ್ಕೆಯ ಒಂದು ಜಿರಳೆ ಕೂತಿರುತ್ತದೆ. ಕೈ ತಾನಾಗಿ ಚಪ್ಪಲಿಯ ಕಡೆಗೋ ಸ್ಪ್ರೇ ಡಬ್ಬಿಯ ಕಡೆಗೋ ಹೋಗುತ್ತದೆ. ಅದಕ್ಕೆ ಮುಂಚೆ ಅರ್ಧ ನಿಮಿಷ ನೋಡಿ. ಆ ಅರ್ಧ ನಿಮಿಷದಲ್ಲಿ ಏನೇನು ನೋಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಇದು ನಿಜಕ್ಕೂ ಜಿರಳೆಯೇ? ದುಂಬಿ ಇರಬಹುದಲ್ಲ?

ಬಣ್ಣ ನೋಡಿ ದುಂಬಿ ಎಂದುಕೊಳ್ಳುವವರೇ ಹೆಚ್ಚು. ಮೊದಲು ಬೆನ್ನಿನ ನಡುವೆ ನೋಡಿ. ದುಂಬಿಯ ಗಟ್ಟಿ ರೆಕ್ಕೆಗಳೆರಡೂ ನಡುಬೆನ್ನಿನಲ್ಲಿ ನೇರ ಗೆರೆಯಾಗಿ ಕೂಡಿಕೊಳ್ಳುತ್ತವೆ, ಮುಚ್ಚಿದ ಬಾಗಿಲಿನ ಎರಡು ಪಡಿಗಳ ಹಾಗೆ. ಜಿರಳೆಯ ರೆಕ್ಕೆ ಚರ್ಮದಂತೆ ತೆಳುವು, ಒಂದರ ಮೇಲೊಂದು ಹಾಯ್ದು ಕೂತಿರುತ್ತದೆ.

ರೆಕ್ಕೆಯೇ ಇಲ್ಲದ ಜಿರಳೆಗಳೂ ಬೇಕಾದಷ್ಟಿವೆ. ಆಗ ಹಿಂತುದಿ ನೋಡಿ. ಅಲ್ಲಿ ಎರಡು ಗಿಡ್ಡ ಕಡ್ಡಿಗಳು ಹೊರಚಾಚಿರುತ್ತವೆ. ಗಾಳಿಯ ಸಣ್ಣ ಅಲುಗಾಟವನ್ನೂ ಹಿಡಿಯುವ ಅಂಗ ಅದು. ನೀವು ಚಪ್ಪಲಿ ಎತ್ತುವ ಮೊದಲೇ ಜಿರಳೆ ಓಡುವುದು ಅದರಿಂದಲೇ. ದುಂಬಿಗೆ ಇವು ಇರುವುದಿಲ್ಲ. ಇದಲ್ಲದೆ ಮೇಲಿನಿಂದ ನೋಡಿದರೆ ಜಿರಳೆಯ ತಲೆ ಕಾಣುವುದೇ ಕಷ್ಟ. ಕತ್ತಿನ ಮೇಲಿನ ಅಗಲವಾದ ಗುರಾಣಿ ಅದನ್ನು ಮುಚ್ಚಿರುತ್ತದೆ. ಗುರಾಣಿಯ ಕೆಳಗಿನಿಂದ ದಾರದಂಥ ಉದ್ದ ಮೀಸೆಗಳು ಹೊರಬಂದಿರುತ್ತವೆ.

ಕಲ್ಲು, ಕುಂಡಗಳ ಕೆಳಗೆ ಸಿಗುವ ಚಪ್ಪಟೆ ಬೂದು ಹುಳುವನ್ನೂ ಜನ ಮರಿಜಿರಳೆ ಎಂದುಕೊಳ್ಳುತ್ತಾರೆ. ಕಾಲು ಎಣಿಸಿ: ಆರಿದ್ದರೆ ಜಿರಳೆ. ಹದಿನಾಲ್ಕಿದ್ದರೆ ಅದು ಕೀಟವೇ ಅಲ್ಲ, ಏಡಿ ಸಿಗಡಿಗಳ ನೆಂಟ.

ಆಸ್ಟ್ರೇಲಿಯಾದಲ್ಲಿ ಎಷ್ಟು ಬಗೆಯ ಜಿರಳೆಗಳಿವೆ? ಎಲ್ಲವೂ ಮನೆಗೆ ಕಾಟವೇ?

ಸ್ಥಳೀಯವಾದವೇ 400ಕ್ಕೂ ಹೆಚ್ಚು ಜಾತಿಗಳಿವೆ. ಅಡುಗೆಮನೆಗೆ ಕಾಟ ಕೊಡುವವು ಬೆರಳೆಣಿಕೆಯಷ್ಟು ಮಾತ್ರ, ಅವೂ ಹಡಗು, ಸರಕುಗಳ ಜೊತೆ ಹೊರಗಿನಿಂದ ಬಂದವು. ಸ್ಥಳೀಯ ಜಿರಳೆಗಳಿಗೆ ಬೇಕಾದ್ದು ತೊಗಟೆ, ತರಗೆಲೆ, ಪರಾಗ, ಕೊಳೆತ ಮರ. ನಿಮ್ಮ ಸಿಂಕಿನಡಿ ಅವುಗಳಿಗೆ ಬದುಕೇ ಇಲ್ಲ.

ಹಾಗಾದರೆ "ಆಸ್ಟ್ರೇಲಿಯನ್ ಜಿರಳೆ" ಎಂಬ ಹೆಸರಿನದು ಸ್ಥಳೀಯವಲ್ಲವೇ?

ಅಲ್ಲ. ಈ ಹೆಸರು ಎಷ್ಟೋ ಜನರನ್ನು ದಾರಿ ತಪ್ಪಿಸಿದೆ. ಪೆರಿಪ್ಲಾನೆಟಾ ಆಸ್ಟ್ರಲೇಸಿಯೇ ಎಂದು 1775ರಲ್ಲಿ ಕೀಟತಜ್ಞ ಫ್ಯಾಬ್ರಿಷಿಯಸ್ ಇಟ್ಟ ಹೆಸರು ಅಂಟಿಕೊಂಡಿದೆ, ಅಷ್ಟೇ. ಹಡಗುಗಳೊಂದಿಗೆ ಬಿಸಿನಾಡುಗಳಿಗೆಲ್ಲ ಹರಡಿದ ಜಾತಿ ಇದು. "ಅಮೆರಿಕನ್ ಜಿರಳೆ"ಯ ಕತೆಯೂ ಇದೇ. ಅದರ ತವರು ಆಫ್ರಿಕಾ.

ಬಣ್ಣದ ಜಿರಳೆ ಹುಡುಕುವವರು ಮೊದಲು ಕಲಿಯಬೇಕಾದದ್ದು ಈ "ಆಸ್ಟ್ರೇಲಿಯನ್" ಜಿರಳೆಯನ್ನೇ. ಯಾಕೆಂದರೆ ಇದೂ ಚೆಂದವಾಗಿಯೇ ಇದೆ, ಹಿತ್ತಲಲ್ಲೂ ಇರುತ್ತದೆ. ಬೆಳೆದದ್ದು 30ರಿಂದ 35 ಮಿಲಿಮೀಟರ್, ಕೆಂಗಂದು ಬಣ್ಣ. ಗುರಾಣಿಯ ಸುತ್ತ ಎದ್ದು ಕಾಣುವ ಹಳದಿ ಉಂಗುರ, ರೆಕ್ಕೆಯ ಬುಡದ ಹೊರ ಅಂಚಿನಲ್ಲಿ ಒಂದು ಗಿಡ್ಡ ಹಳದಿ ಗೆರೆ. ಆ ಗೆರೆ ರೆಕ್ಕೆಯ ಮೂರನೇ ಒಂದು ಭಾಗದಷ್ಟು ಬಂದು ನಿಂತುಬಿಡುತ್ತದೆ. ಇದರ ಮರಿಗಳ ಕಡುಕಂದು ಮೈಯ ಎರಡೂ ಬದಿ ಹಳದಿ ಚುಕ್ಕೆಗಳಿರುತ್ತವೆ. "ಚುಕ್ಕೆ ಇದೆ, ಹಾಗಾದರೆ ಕಾಡುಜಿರಳೆ" ಎಂದು ತಪ್ಪುವುದು ಬಹುಪಾಲು ಈ ಮರಿಯ ವಿಷಯದಲ್ಲಿಯೇ. ಗೊಬ್ಬರದ ಡಬ್ಬ, ಶೆಡ್ಡು, ಚರಂಡಿ ಮುಚ್ಚಳದ ಬಳಿ ರಾತ್ರಿ ಹೊತ್ತು ಸಿಕ್ಕ ಹಳದಿ ಚುಕ್ಕೆಯ ಮರಿಯನ್ನು ಮೊದಲು ಇದೇ ಎಂದು ಅನುಮಾನಿಸಿ.

ಮನೆಯ ಉಳಿದ ಜಿರಳೆಗಳನ್ನು ಹೇಗೆ ಬೇರೆ ಮಾಡುವುದು?

ಗುರಾಣಿಯನ್ನು ನೋಡಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಜರ್ಮನ್ ಜಿರಳೆ ಚಿಕ್ಕದು, 12ರಿಂದ 15 ಮಿಲಿಮೀಟರ್. ತಿಳಿಕಂದು ಗುರಾಣಿಯ ಮೇಲೆ ಉದ್ದಕ್ಕೆ ಎರಡು ಕಪ್ಪು ಪಟ್ಟೆ. ಅಮೆರಿಕನ್ ಜಿರಳೆ 35ರಿಂದ 40 ಮಿಲಿಮೀಟರ್, ಗುರಾಣಿಯ ಮಸುಕು ಹಳದಿಯೊಳಗೆ ಎರಡು ಕಂದು ಮಚ್ಚೆ. ಓರಿಯೆಂಟಲ್ ಜಿರಳೆ ಹೆಚ್ಚುಕಡಿಮೆ ಕಪ್ಪು, ಹೆಣ್ಣಿನ ರೆಕ್ಕೆ ಗುರುತಿಗಷ್ಟೇ ಇರುತ್ತದೆ. ಕಂದುಪಟ್ಟಿ ಜಿರಳೆಗೆ ರೆಕ್ಕೆಯ ಅಡ್ಡಕ್ಕೆ ಎರಡು ಮಸುಕು ಪಟ್ಟಿ. ಇದು ಟಿವಿಯ ಹಿಂದೆ, ಬೀರುವಿನ ಮೇಲೆ, ಒಣಗಿದ ಬೆಚ್ಚಗಿನ ಕಡೆ ಇರುತ್ತದೆ. ಹೊಗೆಗಂದು ಜಿರಳೆ ದೊಡ್ಡದು, ಮೈಯೆಲ್ಲ ಒಂದೇ ಗಾಢ ಬಣ್ಣ, ಯಾವ ಮಚ್ಚೆಯೂ ಇಲ್ಲ.

ಹಗಲಲ್ಲಿ ಎಲೆಯ ಮೇಲೆ ಕೂರುವ ಕಿತ್ತಳೆ ಬಣ್ಣದ್ದು ಯಾವುದು?

ಪೂರ್ವ ಕರಾವಳಿಯಲ್ಲಿದ್ದರೆ, ಅಂದರೆ ಕ್ವೀನ್ಸ್‌ಲ್ಯಾಂಡ್ ಅಥವಾ ನ್ಯೂ ಸೌತ್ ವೇಲ್ಸ್‌ನಲ್ಲಿದ್ದರೆ, ಬಹುಶಃ ಎಲಿಪ್ಸಿಡಿಯನ್ ಕುಲದ್ದು. ತೋಟಗಳಲ್ಲಿ ಅತಿ ಹೆಚ್ಚು ಕಣ್ಣಿಗೆ ಬೀಳುವ ಬಣ್ಣದ ಜಿರಳೆ ಇದೇ.

ಒಂದು ವಾಟಲ್ ಗಿಡದ ಹತ್ತಿರ ನಿಂತು ನಿಧಾನವಾಗಿ ನೋಡಿ. ವಾಟಲ್ ಎಂದರೆ ನಮ್ಮ ಜಾಲಿಯ ಬಳಗದ ಗಿಡ. ಒಂದೂವರೆ ಸೆಂಟಿಮೀಟರ್ ಉದ್ದದ ಕೀಟವೊಂದು ಎಲೆಯ ಅಂಚಿನಲ್ಲಿ ಮೀಸೆ ಆಡಿಸುತ್ತಿರುತ್ತದೆ. ಮೀಸೆ ಕಪ್ಪು, ಬುಡದ ಕಡೆ ದಪ್ಪ. ಗುರಾಣಿಯ ನಡುಭಾಗ ಗಾಢ, ಸುತ್ತ ಮಸುಕಾದ ಅಂಚು. ರೆಕ್ಕೆ ಕಿತ್ತಳೆಗಂದು, ಅದರ ನರಗಳು ತೆಳುವಾಗಿ ಬಿಳಿಚಿ ಗೆರೆ ಎಳೆದಂತೆ ಕಾಣುತ್ತವೆ. ನಿಮ್ಮ ನೆರಳು ಬಿದ್ದರೆ ಸಾಕು, ಕ್ಷಣದಲ್ಲಿ ಎಲೆಯ ಅಡಿಗೆ ಜಾರಿಬಿಡುತ್ತದೆ. ಸ್ವಲ್ಪ ಹೊತ್ತು ಅಲ್ಲಾಡದೆ ನಿಂತರೆ ಮೀಸೆ ಮೊದಲು, ಮೈ ಆಮೇಲೆ ಮತ್ತೆ ಮೇಲೆ ಬರುತ್ತದೆ.

ಇದರ ಮರಿಗಳು ಇನ್ನೂ ಚೆಂದ. ರೆಕ್ಕೆ ಇಲ್ಲ, ಕಂದು ಮೈಯ ಮೇಲೆ ಬಿಳಿ, ಹಳದಿ, ಕಿತ್ತಳೆ ಚುಕ್ಕೆ ಗೆರೆಗಳ ಚಿತ್ತಾರ. ಬೆಳೆದದ್ದಕ್ಕೂ ಮರಿಗೂ ಹೋಲಿಕೆಯೇ ಇಲ್ಲದಷ್ಟು ವ್ಯತ್ಯಾಸ ಇರುವುದರಿಂದ ಎರಡನ್ನೂ ಬೇರೆ ಬೇರೆ ಜಾತಿ ಎಂದು ಬರೆದಿಟ್ಟುಕೊಳ್ಳುವುದು ಸಾಮಾನ್ಯ ತಪ್ಪು. ಒಂದೇ ಗಿಡದಲ್ಲಿ ಎರಡೂ ಇದ್ದರೆ ಮೊದಲು ತಾಯಿಮರಿ ಸಂಬಂಧವನ್ನು ಯೋಚಿಸಿ. ಈ ಕುಲದಲ್ಲಿ ಒಂದಕ್ಕಿಂತ ಹೆಚ್ಚು ಜಾತಿಗಳಿದ್ದು ಫೋಟೋದಲ್ಲಿ ಅವು ತೀರಾ ಹತ್ತಿರ ಕಾಣುತ್ತವೆ. ಕುಲದ ಮಟ್ಟದಲ್ಲಿ ನಿಲ್ಲಿಸಿದರೆ ತಪ್ಪೇನಿಲ್ಲ.

ಕರಿಬೇವಿನ ಗಿಡದಲ್ಲಿ, ನಿಂಬೆ ಗಿಡದಲ್ಲಿ ಇವು ಕಾಣುತ್ತಿವೆ. ಎಲೆ ತಿನ್ನುತ್ತವೆಯೇ?

ಎಲಿಪ್ಸಿಡಿಯನ್ ಎಲೆ ಹಾಳು ಮಾಡುವ ಕೀಟವಲ್ಲ. ಪರಾಗ, ಗಿಡಹೇನು ಮತ್ತು ಶಲ್ಕ ಕೀಟಗಳು ಸುರಿಸುವ ಸಿಹಿ ಅಂಟು, ಆ ಅಂಟಿನ ಮೇಲೆ ಬೆಳೆಯುವ ಕಪ್ಪು ಬೂಷ್ಟು, ಇವು ಅದರ ಆಹಾರ. ಹಾಗಾಗಿ ಅದು ಕುಂಡದ ಗಿಡಕ್ಕೆ ಪದೇ ಪದೇ ಬರುತ್ತಿದ್ದರೆ ಎಲೆಯ ಅಡಿಭಾಗ ಮತ್ತು ಕಾಂಡ ತಿರುಗಿಸಿ ನೋಡಿ. ಕಂದು ಗುಬುಟುಗಳೋ ಬಿಳಿ ಹಿಟ್ಟಿನಂಥದ್ದೋ ಕಂಡರೆ ರಸ ಹೀರುವ ಕಳ್ಳ ಅದು. ಒದ್ದೆ ಬಟ್ಟೆಯಿಂದ ಅದನ್ನು ಒರೆಸಿ ತೆಗೆಯಿರಿ. ಅಂಟು ನಿಂತರೆ ಜಿರಳೆ ತಾನೇ ಬೇರೆ ಗಿಡ ನೋಡಿಕೊಳ್ಳುತ್ತದೆ. ಎಲೆಯಲ್ಲಿ ತೂತುಗಳಿದ್ದರೆ ಕಂಬಳಿಹುಳುವನ್ನೋ ಬಸವನಹುಳುವನ್ನೋ ಹುಡುಕಿ.

ಹೊಳೆಯುವ ಹಸಿರು, ನೀಲಿ ಕಾಲು, ಚಿನ್ನದ ಪಟ್ಟೆ ಇರುವ ಜಿರಳೆ ನಿಜವೇ?

ನಿಜ. ಅವು ಪಾಲಿಜೋಸ್ಟೀರಿಯಾ ಕುಲದವು, ಜಗತ್ತಿನ ಅತ್ಯಂತ ಸುಂದರ ಜಿರಳೆಗಳ ಸಾಲಿಗೆ ಸೇರುವಂಥವು. ಬೆಳೆದ ಮೇಲೂ ರೆಕ್ಕೆ ಇರುವುದಿಲ್ಲ. ಮೈ ಅಗಲ, ದಪ್ಪ ಕವಚ, ನಡೆ ನಿಧಾನ. ಬಿಸಿಲು ಕಾಯಿಸಲು ಪೊದೆಯ ತುದಿಗೆ ಹತ್ತಿ ಕೂರುತ್ತವೆ. ಅಡುಗೆಮನೆಯ ಜಿರಳೆಯ ಬಗ್ಗೆ ನಮಗಿರುವ ಕಲ್ಪನೆಯೆಲ್ಲ ಇಲ್ಲಿ ತಲೆಕೆಳಗು.

ಇವುಗಳಲ್ಲಿ ಮಿಚೆಲ್ ಜಿರಳೆ ಹೆಸರುವಾಸಿ. ಪಶ್ಚಿಮ ಮತ್ತು ದಕ್ಷಿಣ ಆಸ್ಟ್ರೇಲಿಯಾದ ಒಣ ಕುರುಚಲು ಪ್ರದೇಶ ಅದರ ಸೀಮೆ. ಕಂಚಿನ ಹೊಳಪಿನ ಗಾಢ ಮೈ, ಅಂಚಿನಲ್ಲಿ ಮತ್ತು ಅಡ್ಡಕ್ಕೆ ಹಳದಿ ಬಣ್ಣದ ಗುರುತುಗಳು, ಕಾಲುಗಳಲ್ಲಿ ತಿಳಿನೀಲಿ. ಆ ನೀಲಿಯನ್ನು ನೋಡಿದವರು ಯಾರೋ ಬಣ್ಣ ಬಳಿದಿದ್ದಾರೆ ಎಂದುಕೊಳ್ಳುವಷ್ಟು ಸ್ವಚ್ಛವಾಗಿರುತ್ತದೆ. ಜಾರ್ಜ್ ಫ್ರೆಂಚ್ ಆಂಗಸ್ ಎಂಬ ಚಿತ್ರಕಾರ 1847ರಲ್ಲಿ ಇದನ್ನು ಮೊದಲು ವಿವರಿಸಿದ. ಸತ್ತ ಮೇಲೆ ಬಣ್ಣ ಮಂಕಾಗಿಬಿಡುತ್ತದೆ. ಆದ್ದರಿಂದ ಸಂಗ್ರಹದ ಪೆಟ್ಟಿಗೆಯಲ್ಲಿರುವ ಮಾದರಿಯ ಜೊತೆ ಹೋಲಿಸಿ "ಇದು ಬೇರೆ" ಎಂದು ತೀರ್ಮಾನಿಸಬೇಡಿ.

ಆಲ್ಪ್ಸ್ ಎಂದು ಕರೆಯುವ ಆಗ್ನೇಯದ ಎತ್ತರದ ಬೆಟ್ಟಗಳಲ್ಲಿ, ಕೊಸಿಯುಸ್ಕೊ ಶಿಖರದ ಸುತ್ತಮುತ್ತ, ಲೋಹದಂತೆ ಹೊಳೆಯುವ ಹಸಿರು ಜಿರಳೆ ಸಿಗುತ್ತದೆ. ಅದು ಪಾಲಿಜೋಸ್ಟೀರಿಯಾ ವಿರಿಡಿಸ್ಸಿಮಾ. ಚಳಿಗಾಲದಲ್ಲಿ ಹಿಮ ಬೀಳುವ ಕಡೆ ಜಿರಳೆ ಇರುತ್ತದೆ ಎಂದರೆ ನಂಬದವರು ಬೇಸಿಗೆಯಲ್ಲಿ, ಅಂದರೆ ಅಲ್ಲಿನ ಡಿಸೆಂಬರ್‌ನಿಂದ ಫೆಬ್ರವರಿಯಲ್ಲಿ, ಕಲ್ಲು ಪೊದೆಗಳ ಮೇಲೆ ನೋಡಬಹುದು. ಸಿಡ್ನಿಯ ಸುತ್ತಲಿನ ಕಾಡಂಚಿನಲ್ಲಿ ಕಪ್ಪುಗಂದು ಮೈಗೆ ಹಳದಿ ಅಂಚು ಇಟ್ಟ ದೊಡ್ಡ ಜಿರಳೆ ಕಂಡರೆ ಅದು ಬಾಟನಿ ಬೇ ಜಿರಳೆ, ಅಂದರೆ ಪಾಲಿಜೋಸ್ಟೀರಿಯಾ ಲಿಂಬಾಟಾ.

ರೆಕ್ಕೆ ಇಲ್ಲ ಎಂದರೆ ಮರಿ ಎಂದೇ ಅರ್ಥವಲ್ಲವೇ?

ಮನೆಯ ಜಿರಳೆಗಳಿಗೆ ಆ ಲೆಕ್ಕ ಬಹುಮಟ್ಟಿಗೆ ಸರಿ. ಸ್ಥಳೀಯ ಜಾತಿಗಳಿಗೆ ಸರಿಹೋಗದು. ಪಾಲಿಜೋಸ್ಟೀರಿಯಾ ಬೆಳೆದ ಮೇಲೂ ರೆಕ್ಕೆ ಬಿಡುವುದಿಲ್ಲ. ನೀಲಗಿರಿ ಮರದ ಸುಲಿಯುತ್ತಿರುವ ತೊಗಟೆಯಡಿ ನಾಣ್ಯದಂತೆ ಚಪ್ಪಟೆಯಾಗಿ ಅಂಟಿಕೊಂಡಿರುವ ಲಾಕ್ಸ್ಟಾದಲ್ಲಿ ಗಂಡಿಗೆ ರೆಕ್ಕೆ ಉಂಟು, ಹೆಣ್ಣಿಗೆ ಇಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟರೂ ಒಂದೇ ಜಾತಿ ಎನಿಸುವುದಿಲ್ಲ. ಕೊಳೆತ ದಿಮ್ಮಿಯೊಳಗೆ ಸಂಸಾರ ಹೂಡುವ ಪನೇಸ್ತಿಯಾಗಳಲ್ಲಿ ಬೆಳೆದವಕ್ಕೆ ರೆಕ್ಕೆ ಬಂದರೂ ಎಷ್ಟೋ ಸಲ ಬುಡದವರೆಗೆ ಕಡಿದು ಹೋಗಿರುತ್ತವೆ. ಹರಿದ ಮೋಟುಗಳಷ್ಟೇ ಉಳಿದಿರುತ್ತವೆ. ಅಂಚು ನಯವಾಗಿದ್ದರೆ ಅದು ಬೆಳೆಯುತ್ತಿರುವ ರೆಕ್ಕೆಯ ಮೊಗ್ಗು, ಹರುಕಾಗಿದ್ದರೆ ಮುರಿದ ರೆಕ್ಕೆ.

ರಾತ್ರಿ ದೀಪಕ್ಕೆ ಹಾರಿ ಬರುವ ಬಿಳಿ ಅಂಚಿನ ಜಿರಳೆ?

ಮೆಥಾನಾ ಮಾರ್ಜಿನಾಲಿಸ್ ಅಥವಾ ಅದರ ಹತ್ತಿರದ ಸಂಬಂಧಿ ಇರಬಹುದು. ಕಂದು ಮೈ, ಗುರಾಣಿಯಿಂದ ಹಿಡಿದು ರೆಕ್ಕೆಯ ಉದ್ದಕ್ಕೂ ಎರಡೂ ಬದಿ ಕೆನೆಬಿಳಿ ಅಂಚು. "ಆಸ್ಟ್ರೇಲಿಯನ್" ಜಿರಳೆಯ ಹಳದಿ ಗೆರೆ ಬುಡದಲ್ಲೇ ನಿಲ್ಲುತ್ತದೆ, ಇದರ ಅಂಚು ಮುಂದುವರಿಯುತ್ತದೆ. ಹಗಲಲ್ಲಿ ತೊಗಟೆಯಡಿ ಇದ್ದು ರಾತ್ರಿ ಬೆಳಕಿಗೆ ಬರುತ್ತದೆ. ಇನ್ನೊಂದು, ಡ್ರೈಮಾಪ್ಲಾನೆಟಾ. ಅದಕ್ಕೂ ಬದಿಯಲ್ಲಿ ಮಸುಕು ಪಟ್ಟಿ, ಆದರೆ ಹಾರಲು ಬೇಕಾದ ರೆಕ್ಕೆ ಇಲ್ಲ, ನಡೆದುಕೊಂಡೇ ಬಾಗಿಲ ಸಂದಿಯಿಂದ ಒಳಗೆ ಬರುತ್ತದೆ. ಈ ಕುಲದ ಒಂದು ಜಾತಿ ನ್ಯೂಜಿಲೆಂಡ್ ಸೇರಿ ಅಲ್ಲಿ ಗಿಸ್ಬೋರ್ನ್ ಜಿರಳೆ ಎಂಬ ಹೆಸರು ಪಡೆದಿದೆ.

ಮನೆಯೊಳಗೆ ಸಿಕ್ಕಿತು. ದಾರಿ ತಪ್ಪಿ ಬಂದದ್ದೋ, ನೆಲೆ ಊರಿದ್ದೋ?

ನಡವಳಿಕೆ ಬಣ್ಣಕ್ಕಿಂತ ಚೆನ್ನಾಗಿ ಹೇಳುತ್ತದೆ. ದೀಪ ಹಾಕಿದೊಡನೆ ಫ್ರಿಜ್ಜಿನ ಕೆಳಗೆ ನುಗ್ಗಿದರೆ ಅದಕ್ಕೆ ಮನೆಯ ದಾರಿ ಗೊತ್ತು. ಕಿಟಕಿಯ ಪರದೆಗೆ ಅಂಟಿ ಹೊರಗೆ ಹೋಗಲು ಪರದಾಡುತ್ತಿದ್ದರೆ, ಗೋಡೆಯ ಮೇಲೆ ಗೊತ್ತುಗುರಿಯಿಲ್ಲದೆ ಅಲೆಯುತ್ತಿದ್ದರೆ ಅದು ತೋಟದ್ದು.

ಅನುಮಾನ ಉಳಿದರೆ ಅಂಟುಬಲೆಯ ಪರೀಕ್ಷೆ ಮಾಡಿ. ಅಂಗಡಿಯಲ್ಲಿ ಸಿಗುವ ವಿಷವಿಲ್ಲದ ಅಂಟುಹಾಳೆ ನಾಲ್ಕು ಸಾಕು. ಒಂದು ಫ್ರಿಜ್ಜಿನ ಮೋಟರ್ ಬಳಿ, ಒಂದು ಸಿಂಕಿನಡಿ, ಒಂದು ಒಲೆಯ ಹಿಂದೆ, ಒಂದು ಹಿತ್ತಲ ಬಾಗಿಲ ಒಳಗಡೆ. ಗೋಡೆಗೆ ತಾಗುವಂತೆ ಇಡಿ. ಜಿರಳೆ ಗೋಡೆಯಂಚು ಹಿಡಿದೇ ನಡೆಯುವುದರಿಂದ ನೆಲದ ಮಧ್ಯೆ ಇಟ್ಟ ಹಾಳೆಗೆ ಏನೂ ಬೀಳದು. ಮೂರು ರಾತ್ರಿ ಬಿಟ್ಟು ನೋಡಿ. ಮೊದಲ ಮೂರರಲ್ಲಿ ಚಿಕ್ಕದು ದೊಡ್ಡದು ಬೇರೆ ಬೇರೆ ಗಾತ್ರದವು ಸಿಕ್ಕರೆ, ಮೆಣಸಿನಪುಡಿಯಂಥ ಹಿಕ್ಕೆ ಕಂಡರೆ, ಮನೆಯಲ್ಲೇ ಮರಿಯಾಗುತ್ತಿವೆ. ಬಾಗಿಲ ಬಳಿ ಮಾತ್ರ ಒಂದೆರಡು ಸಿಕ್ಕರೆ ಹೊರಗಿನವು. ಆದರೆ ಈ ಹಾಳೆಯನ್ನು ಅಂಗಳದಲ್ಲಿ ಇಡಬೇಡಿ, ಹಲ್ಲಿ ಮತ್ತು ಹಾವುರಾಣಿಗಳು ಅಂಟಿಕೊಂಡು ನರಳಿ ಸಾಯುತ್ತವೆ.

ಹೊರಗಿನವು ಬರದಂತೆ ಏನು ಮಾಡಬೇಕು? ಸ್ಪ್ರೇ ಹೊಡೆಯಬಹುದೇ?

ತೋಟಕ್ಕೆ ಸ್ಪ್ರೇ ಬೇಡ. ಜಿರಳೆಯೊಂದಿಗೆ ಜೇಡ, ಹಲ್ಲಿಗಳ ಊಟವೂ ಹೋಗುತ್ತದೆ, ತರಗೆಲೆಯನ್ನು ಮಣ್ಣು ಮಾಡುವ ಕೆಲಸವೂ ನಿಲ್ಲುತ್ತದೆ. ನಿಜವಾದ ಕಾಟಜಿರಳೆ ಮಾತ್ರ ಒಳಗೆ ಗೋಡೆಯ ಸಂದಿಯಲ್ಲಿ ಆರಾಮಾಗಿರುತ್ತದೆ. ಇದು ಪದೇ ಪದೇ ಆಗುವ ಎಡವಟ್ಟು: ಹೊರಗೆಲ್ಲ ಹೊಡೆದು, ಒಳಗಿನದು ಹಾಗೇ ಉಳಿಯುವುದು.

ಬಾಗಿಲ ಕೆಳಗೆ ಬ್ರಷ್ ಪಟ್ಟಿ ಹಾಕಿಸಿ. ಸೊಳ್ಳೆ ಪರದೆಯ ಹರಕು ಮುಚ್ಚಿ. ಹೊರಬಾಗಿಲಿನ ಬಿಳಿ ಬಲ್ಬ್ ತೆಗೆದು ಹಳದಿ ಎಲ್‌ಇಡಿ ಹಾಕಿದರೆ ಹಾರಿ ಬರುವವು ಕಡಿಮೆಯಾಗುತ್ತವೆ. ಸೌದೆ ರಾಶಿ, ತೊಗಟೆ ಹೊದಿಕೆ ಗೋಡೆಗೆ ತಾಗಿಕೊಂಡಿರಬಾರದು. ಒಳಗೆ ಬಂದದ್ದರ ಮೇಲೆ ಲೋಟ ಕವುಚಿ, ಕೆಳಗೆ ರಟ್ಟು ತೂರಿಸಿ, ಹೊರಗೆ ಗಿಡದ ಬುಡದಲ್ಲಿ ಬಿಡಿ.

ಮುಟ್ಟಬಹುದೇ? ಕಚ್ಚುತ್ತದೆಯೇ?

ಕಚ್ಚಲು ಬರುವುದಿಲ್ಲ. ಆದರೆ ಪಾಲಿಜೋಸ್ಟೀರಿಯಾ ಮತ್ತು ಕಪ್ಪಗೆ ಹೊಳೆಯುವ ಪ್ಲಾಟಿಜೋಸ್ಟೀರಿಯಾಗಳನ್ನು ಕೆಣಕಿದರೆ ಕೆಟ್ಟ ವಾಸನೆಯ ದ್ರವ ಬಿಡುತ್ತವೆ. ವಾಸನೆ ಕೈಗೆ ಅಂಟುತ್ತದೆ, ಕಣ್ಣಿಗೆ ತಾಗಿದರೆ ಉರಿ. ಮುಖದ ಹತ್ತಿರ ಹಿಡಿಯಬೇಡಿ. ತಾಗಿದರೆ ಧಾರಾಳ ನೀರಿನಲ್ಲಿ ತೊಳೆಯಿರಿ, ಉರಿ ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಿ.

ಗುರುತು ಹಿಡಿಯಲು ಫೋಟೋ ಹೇಗೆ ತೆಗೆಯಬೇಕು?

ಕಳುಹಿಸುವ ಹೆಚ್ಚಿನ ಫೋಟೋಗಳಲ್ಲಿ ಒಂದೇ ಕೊರತೆ: ಗುರಾಣಿ ಕಾಣುವುದಿಲ್ಲ. ನೇರ ಮೇಲಿನಿಂದ ಒಂದು, ಬದಿಯಿಂದ ಒಂದು, ಮುಖ ಮತ್ತು ಮೀಸೆ ಕಾಣುವಂತೆ ಒಂದು, ಸಾಧ್ಯವಾದರೆ ಹಿಂತುದಿಯದೊಂದು ತೆಗೆಯಿರಿ. ಅಳತೆಗೆ ಪಕ್ಕದಲ್ಲಿ ಆಸ್ಟ್ರೇಲಿಯಾದ 5 ಸೆಂಟ್ ನಾಣ್ಯ ಇಡಿ, ಅದರ ಅಡ್ಡಳತೆ 19.4 ಮಿಲಿಮೀಟರ್. ಫ್ಲ್ಯಾಶ್ ಹಾಕಿದರೆ ಲೋಹದ ಹೊಳಪಿನ ಜಾತಿಗಳು ಬೆಳ್ಳಗೆ ಬರುತ್ತವೆ, ನೆರಳಿನ ಬೆಳಕು ಒಳ್ಳೆಯದು.

ನಿಲ್ಲದೆ ಓಡುತ್ತಿದ್ದರೆ ಪಾರದರ್ಶಕ ಡಬ್ಬಿಯಲ್ಲಿ ಹಿಡಿದು ಐದು ನಿಮಿಷ ಫ್ರಿಜ್ಜಿನಲ್ಲಿಡಿ, ಫ್ರೀಜರ್‌ನಲ್ಲಿ ಅಲ್ಲ. ಚಳಿಗೆ ಮಂದವಾಗುತ್ತದೆ, ಒಂದೆರಡು ನಿಮಿಷ ಸಿಗುತ್ತದೆ. ಆಮೇಲೆ ಸಿಕ್ಕ ಜಾಗದಲ್ಲೇ ಬಿಡಿ. ದಿನಾಂಕ, ಹೊತ್ತು, ಊರು, ಕೂತಿದ್ದ ಗಿಡ, ಇಷ್ಟನ್ನು ಬರೆದು, ಜೀವಿಗಳ ಫೋಟೋ ಹಾಕಿ ಗುರುತು ಕೇಳುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಏರಿಸಿ. ರಾಷ್ಟ್ರೀಯ ಉದ್ಯಾನಗಳಲ್ಲಿ ಪರವಾನಗಿ ಇಲ್ಲದೆ ಹಿಡಿದು ಒಯ್ಯುವಂತಿಲ್ಲ, ಫೋಟೋ ಸಾಕು.

ಬೆಳ್ಳಗಿರುವ ಜಿರಳೆ ಸಿಕ್ಕಿದೆ. ಅಪರೂಪದ್ದೇ?

ಆಗಷ್ಟೇ ಪೊರೆ ಕಳಚಿದೆ. ಕೆಲವೇ ಗಂಟೆಗಳಲ್ಲಿ ಬಣ್ಣ ಬರುತ್ತದೆ. ಮುಟ್ಟಬೇಡಿ, ಮೈ ಇನ್ನೂ ಮೆತ್ತಗಿರುತ್ತದೆ.

ಸ್ಥಳೀಯ ಜಿರಳೆ ಅಳಿದುಹೋಗುವ ಅಪಾಯ ಉಂಟೇ?

ಉಂಟು. ಆಸ್ಟ್ರೇಲಿಯಾದ ಪೂರ್ವಕ್ಕೆ ಸಮುದ್ರದಲ್ಲಿರುವ ಲಾರ್ಡ್ ಹೌ ದ್ವೀಪದಲ್ಲಿ 1918ರಲ್ಲಿ ನೆಲಕ್ಕೆ ತಾಗಿ ಸಿಲುಕಿದ ಹಡಗಿನಿಂದ ಇಲಿಗಳು ಇಳಿದವು. ಅಲ್ಲಿನ ಮರ ತಿನ್ನುವ ಜಿರಳೆ ಪನೇಸ್ತಿಯಾ ಲಾಟಾ ಮುಖ್ಯ ದ್ವೀಪದಿಂದ ಕಣ್ಮರೆಯಾಯಿತು. 1930ರ ದಶಕದಿಂದಾಚೆಗೆ ಅಲ್ಲಿ ಅದು ಅಳಿದಿದೆ ಎಂದೇ ಎಣಿಸಿದ್ದರು. ಇಲಿ ನಿರ್ಮೂಲನೆಯ ಕೆಲಸ 2019ರಲ್ಲಿ ನಡೆಯಿತು. 2022ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ತಂಡಕ್ಕೆ ಒಂದು ಆಲದ ಮರದಡಿ ಕಲ್ಲು ಎತ್ತಿದಾಗ ಅದರ ಸಂಸಾರವೇ ಸಿಕ್ಕಿತು.

ನಮ್ಮ ಕರ್ನಾಟಕದ ಕಡೆಯೂ ಇಂಥ ಬಣ್ಣದ ಜಿರಳೆ ಇದೆಯೇ?

ಇದೆ, ಆಸ್ಟ್ರೇಲಿಯಾದವಕ್ಕೆ ಕಡಿಮೆಯಿಲ್ಲದಷ್ಟು ಚೆಂದದ್ದು. ದಕ್ಷಿಣ ಭಾರತದ ಕುರುಚಲು ಕಾಡುಗಳ ಥೀರಿಯಾ ಪೆಟಿವೆರಿಯಾನಾ. ಲಿನಿಯಸ್ 1758ರಲ್ಲೇ ಹೆಸರಿಟ್ಟ ಜಾತಿ. ಕಪ್ಪು ರೆಕ್ಕೆಯ ಮೇಲೆ ಬಿಳಿಹಳದಿ ಬಣ್ಣದ ಏಳು ದೊಡ್ಡ ಬೊಟ್ಟು. ಕಾರಣವಿಲ್ಲದೆ ಬಂದ ಬೊಟ್ಟುಗಳಲ್ಲ ಅವು: ಅದೇ ನೆಲದಲ್ಲಿ ಓಡಾಡುವ ಆರು ಬೊಟ್ಟಿನ ನೆಲದುಂಬಿ ಆಮ್ಲ ಚಿಮ್ಮಿಸುವಂಥದ್ದು, ಜಿರಳೆ ಅದರ ವೇಷ ಹಾಕಿದೆ. ಎರಡನ್ನೂ ಬಿಡಿಸಲು ಬೊಟ್ಟು ಎಣಿಸುವುದಕ್ಕಿಂತ ರೆಕ್ಕೆ ನೋಡುವುದು ಖಚಿತ. ಜಿರಳೆಯದಾದರೆ ಒಂದರ ಮೇಲೊಂದು ಹಾಯ್ದಿರುತ್ತದೆ, ಬಲರೆಕ್ಕೆಯ ಒಂದು ಭಾಗ ಎಡರೆಕ್ಕೆಯ ಅಡಿ ಅಡಗಿರುತ್ತದೆ. ಮರಿಗಳು ತರಗೆಲೆಯಡಿ ಸಡಿಲ ಮಣ್ಣಿನಲ್ಲಿ ಹೂತುಕೊಂಡೇ ಬೆಳೆಯುತ್ತವೆ. ರೆಕ್ಕೆ ಬಂದವನ್ನು ನೋಡಬೇಕಿದ್ದರೆ ಮುಂಗಾರು ಹಿಡಿದ ಮೇಲೆ, ತರಗೆಲೆ ದಟ್ಟವಾಗಿ ಬಿದ್ದಿರುವ ಪೊದೆಗಳ ಬುಡದಲ್ಲಿ, ಬೆಳಗ್ಗೆ ಇಲ್ಲವೇ ಸಂಜೆ ಹುಡುಕಿ.